ಐದು ಪ್ರಾಣಿ, ಅರ್ಧ ದಿನ: ಮೃಗಾಲಯವನ್ನು ನೋಡುವ ಕ್ರಮ

ಹುಲಿಯ ಆವರಣದ ಮುಂದೆ ಹತ್ತು ನಿಮಿಷ ನಿಂತು, ಹುಲಿಯನ್ನು ಬಿಟ್ಟು ಜನರ ಮಾತಿಗೆ ಕಿವಿ ಕೊಡಿ. “ಎಲ್ಲಿದೆ?” “ಅಗೋ, ಆ ಮರದ ಕೆಳಗೆ.” “ಮಲಗಿದೆಯಲ್ಲ!” “ಸರಿ, ನಡೆಯಿರಿ, ಆನೆ ನೋಡೋಣ.” ಹೀಗೆ ನೂರು ಆವರಣ ಹಾದು, ಕಾಲು ನೋಯಿಸಿಕೊಂಡು, ಒಂದು ಪ್ರಾಣಿಯನ್ನೂ ನೆಟ್ಟಗೆ ನೋಡದೆ ಮನೆಗೆ ಮರಳುವವರೇ ಹೆಚ್ಚು. ನಾನೂ ಬಹಳ ವರ್ಷ ಹೀಗೆಯೇ ಸುತ್ತಿದವನು. ಆಮೇಲೆ ಒಂದು ಪ್ರಶ್ನೆ ಹಿಡಿದುಕೊಂಡು ಹೋಗತೊಡಗಿದೆ: ಈ ಪ್ರಾಣಿ ಬೇಲಿಯೊಳಗೆ ಇರುವುದರಿಂದ, ಬೇಲಿಯಾಚೆಯ ಅದರ ಬಳಗಕ್ಕೆ ಏನು ಸಿಗುತ್ತಿದೆ? ಕೆಲವು ಆವರಣಗಳ ಮುಂದೆ ಈ ಪ್ರಶ್ನೆಗೆ ಬೆರಗಾಗುವಂಥ ಉತ್ತರ ಸಿಗುತ್ತದೆ, ಕೆಲವು ಕಡೆ ಏನೂ ಸಿಗುವುದಿಲ್ಲ. ಎರಡನ್ನೂ ಗುರುತಿಸಲು ಬರಬೇಕು.

ಹೆಜ್ಜೆ 1: ಮನೆಯಲ್ಲೇ ಐದನ್ನು ಆರಿಸಿಕೊಳ್ಳಿ

ಮೃಗಾಲಯದ ಜಾಲತಾಣದಲ್ಲಿ ಮೊದಲು ಒಣ ವಿವರಗಳನ್ನು ನೋಡಿಕೊಳ್ಳಿ: ವಾರದ ರಜೆ ಯಾವತ್ತು, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ದುರಸ್ತಿಗೆಂದು ಯಾವ ವಿಭಾಗ ಮುಚ್ಚಿದೆ. ಆಮೇಲೆ ಸಂರಕ್ಷಣೆಯ ಪುಟಕ್ಕೆ ಹೋಗಿ. ಮುದ್ದು ಮರಿಗಳ ಚಿತ್ರ, “ನಿಸರ್ಗವನ್ನು ಪ್ರೀತಿಸಿ” ಎಂಬ ಸಾಲು, ಇಷ್ಟೇ ಇದ್ದರೆ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇಂಥ ಪ್ರಭೇದ, ಇಂಥ ಕಾಡು, ಇಂಥ ವರ್ಷ ಎಂದು ಹೆಸರು ಹಿಡಿದು ಬರೆದಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದು ಅರ್ಥ. ವಾರ್ಷಿಕ ವರದಿ ಸಿಕ್ಕರೆ ಇನ್ನೂ ಒಳ್ಳೆಯದು. ಹುಟ್ಟು-ಸಾವಿನ ಪಟ್ಟಿಯನ್ನು ಮರೆಮಾಚದೆ ಅಚ್ಚು ಹಾಕುವ ಸಂಸ್ಥೆಯ ಬಗ್ಗೆ ನನಗೆ ತಾನಾಗಿಯೇ ಗೌರವ ಹುಟ್ಟುತ್ತದೆ.

ನೋಡಬೇಕಾದ ಐದು ಪ್ರಾಣಿಗಳ ಪಟ್ಟಿ ಮಾಡಿ. ನಿಮಗೆ ಚಿಕ್ಕಂದಿನಿಂದ ಇಷ್ಟವಾದ ದೊಡ್ಡ ಪ್ರಾಣಿಯೊಂದು ಇರಲಿ. ಒಂದು ಹಕ್ಕಿ, ಒಂದು ಹಾವು ಅಥವಾ ಕಪ್ಪೆ ಇರಲಿ. ಹೆಸರೇ ಕೇಳಿರದ ಪ್ರಾಣಿಯೊಂದು, ನಕ್ಷೆಯ ತೀರಾ ಮೂಲೆಯಲ್ಲಿ ಇರುವುದೊಂದು. ಉಳಿದವು ದಾರಿಯಲ್ಲಿ ಸಿಕ್ಕರೆ ಸಿಗಲಿ. ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟವೇ ಮೃಗಾಲಯದ ದಿನವನ್ನು ಕೆಡಿಸುವ ಮೊದಲ ಸಂಗತಿ.

ಹೆಜ್ಜೆ 2: ಹೊತ್ತು ಮತ್ತು ಚೀಲ

ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಸಿಂಹಗಳು ದಿನದ ಇಪ್ಪತ್ತು ಗಂಟೆಯವರೆಗೂ ಬಿದ್ದುಕೊಂಡಿರಬಲ್ಲ ಪ್ರಾಣಿಗಳು. ನಡುಮಧ್ಯಾಹ್ನ ಹೋಗಿ ಅವುಗಳ ಸೋಮಾರಿತನವನ್ನು ದೂರುವುದರಲ್ಲಿ ಅರ್ಥವಿಲ್ಲ. ರಜೆಯ ದಿನ ಬಿಟ್ಟು ಕೆಲಸದ ದಿನ, ಅದರಲ್ಲೂ ಮಳೆ ಬಂದು ನಿಂತ ಬೆಳಗ್ಗೆ ಸಿಕ್ಕರೆ ಬಿಡಬೇಡಿ. ಮೋಡ ಕವಿದ ದಿನ ಪ್ರಾಣಿಗಳು ನೆರಳು ಹುಡುಕಿಕೊಂಡು ಹೋಗುವುದಿಲ್ಲ, ಜನವೂ ಕಡಿಮೆ.

ಚೀಲದಲ್ಲಿ ನೀರು, ಟೋಪಿ, ಚಿಕ್ಕ ಬೈನಾಕ್ಯುಲರ್, ಪುಸ್ತಕ, ಪೆನ್ಸಿಲ್. ಬೈನಾಕ್ಯುಲರ್ ಯಾಕೆ, ಪ್ರಾಣಿ ಎದುರಿಗೇ ಇದೆಯಲ್ಲ ಎನ್ನಬಹುದು. ಹುಲಿಯ ಕಿವಿಯ ಹಿಂದಿನ ಬಿಳಿ ಚುಕ್ಕೆಯನ್ನೋ ಹದ್ದಿನ ಕಣ್ಣಿನ ಮೇಲೆ ಬಂದು ಹೋಗುವ ಪೊರೆಯನ್ನೋ ಬರಿಗಣ್ಣಿನಿಂದ ಕಾಣಲು ಹೋಗಿ, ಕಟಕಟೆಯ ಮೇಲೆ ಬಾಗುವವರನ್ನು ನೋಡಿದ್ದೇನೆ. ಬಾಗುವ ಬದಲು ಬೈನಾಕ್ಯುಲರ್ ಹಿಡಿಯಿರಿ.

ಹೆಜ್ಜೆ 3: ಗುಂಪಿಗೆ ಎದುರಾಗಿ ನಡೆಯಿರಿ

ಒಳಬಂದವರೆಲ್ಲ ಬಾಣದ ಗುರುತನ್ನು ಹಿಡಿದು ಸಾಗುತ್ತಾರೆ. ನೀವು ನಕ್ಷೆಯ ತುತ್ತತುದಿಗೆ ನೇರವಾಗಿ ಹೋಗಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಮೊದಲ ಗಂಟೆ ದೊಡ್ಡ ಬೆಕ್ಕುಗಳಿಗೆ, ಮಂಗಗಳಿಗೆ, ಹಕ್ಕಿಗಳಿಗೆ. ಬಿಸಿಲೇರಿದ ಮೇಲೆ ಹಾವು-ಹಲ್ಲಿಗಳ ಮನೆಗೆ ಹೋಗಬಹುದು, ಮೈಕಾಯಿಸಿಕೊಳ್ಳಲು ಅವು ದೀಪದ ಕೆಳಗೆ ಬಂದಿರುತ್ತವೆ. ನಿಶಾಚರಿಗಳ ಮನೆ ಇದ್ದರೆ ಒಳಹೊಕ್ಕು ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಇಂಥ ಮನೆಗಳಲ್ಲಿ ಹಗಲು-ರಾತ್ರಿಯನ್ನು ದೀಪಗಳಿಂದ ತಿರುವುಮುರುವು ಮಾಡಿರುತ್ತಾರೆ; ನಮ್ಮ ಹಗಲು ಅವುಗಳ ಇರುಳು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಅದಕ್ಕೆ ಮೊದಲೇ ಮೊಬೈಲ್ ದೀಪ ಹೊತ್ತಿಸುವವರು ತಮ್ಮ ಜೊತೆಗೆ ಉಳಿದವರ ಕಣ್ಣನ್ನೂ ಕೆಡಿಸುತ್ತಾರೆ.

ಹೆಜ್ಜೆ 4: ಒಂದು ಆವರಣ, ಇಪ್ಪತ್ತು ನಿಮಿಷ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಐದರಲ್ಲಿ ಒಂದು ಪ್ರಾಣಿಯ ಮುಂದೆ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ನಿಲ್ಲಬೇಕು. ಕುಳಿತರೂ ಸರಿ.

ಮೊದಲ ಐದು ನಿಮಿಷ ಬೇಸರವಾಗುತ್ತದೆ. ಪ್ರಾಣಿ ಏನೂ ಮಾಡುತ್ತಿಲ್ಲ ಅನಿಸುತ್ತದೆ. ಆಗ ಪುಸ್ತಕ ತೆಗೆದು ನಿಮಿಷಕ್ಕೊಂದು ಸಾಲು ಬರೆಯಿರಿ: ಎಲ್ಲಿದೆ, ಏನು ಮಾಡುತ್ತಿದೆ, ಯಾವ ಕಡೆ ನೋಡುತ್ತಿದೆ. ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುವವರ ಮೂಲ ಉಪಾಯವೂ ಇದೇ, ನಿಗದಿತ ಅಂತರಕ್ಕೊಮ್ಮೆ ಕಂಡದ್ದನ್ನು ಗುರುತು ಹಾಕುವುದು. ಎಂಟನೆಯ ಸಾಲಿನ ಹೊತ್ತಿಗೆ “ಮಲಗಿದೆ” ಎಂಬ ಪದ ಸಾಲದೆ ಬರುತ್ತದೆ. ಬಲಗಿವಿ ಮಾತ್ರ ತಿರುಗಿತು. ಮೂಗಿನ ಹೊಳ್ಳೆ ಅರಳಿತು. ಪಕ್ಕದ ಆವರಣದಲ್ಲಿ ತೋಳ ಊಳಿಟ್ಟಾಗ ಬಾಲದ ತುದಿ ಆಡಿತು. ಮಂಗಗಳ ಗುಂಪಾದರೆ ಯಾರು ಯಾರ ಹೇನು ಹೆಕ್ಕುತ್ತಾರೆ, ಯಾರು ಬಂದಾಗ ಯಾರು ಜಾಗ ಬಿಡುತ್ತಾರೆ ಎಂಬುದನ್ನು ಬರೆದರೆ ಸಾಕು, ಆ ಮನೆಯ ಯಜಮಾನಿಕೆ ಯಾರದೆಂದು ತಿಳಿದುಹೋಗುತ್ತದೆ. ನಾನು ಹಲವು ಸಲ ತಪ್ಪು ಊಹಿಸಿದ್ದೇನೆ. ದೊಡ್ಡ ಗಂಡೇ ಒಡೆಯನೆಂದು ತಿಳಿದಿದ್ದೆ, ಮೂಲೆಯಲ್ಲಿ ಕುಳಿತ ಮುದಿ ಹೆಣ್ಣು ಕಣ್ಣು ಹಾಯಿಸಿದ ಕೂಡಲೇ ಎಲ್ಲರೂ ಸರಿದರು.

ಅಂದಹಾಗೆ, ಮಂಗಗಳ ಕಣ್ಣನ್ನೇ ದಿಟ್ಟಿಸಬೇಡಿ, ಹಲ್ಲು ತೋರಿಸಿ ನಗಲೂಬೇಡಿ. ಅನೇಕ ಮಂಗಗಳ ಭಾಷೆಯಲ್ಲಿ ದಿಟ್ಟಿಸುವುದೆಂದರೆ ಬೆದರಿಕೆ.

ಹೆಜ್ಜೆ 5: ಆವರಣವನ್ನು ಓದಿ

ಪ್ರಾಣಿಯ ಮೇಲಿಂದ ಕಣ್ಣು ತೆಗೆದು ಅದು ಇರುವ ಜಾಗವನ್ನು ನೋಡಿ. 1907ರಲ್ಲಿ ಹ್ಯಾಂಬರ್ಗ್ ಬಳಿ ಕಾರ್ಲ್ ಹಾಗೆನ್‌ಬೆಕ್ ತನ್ನ ಮೃಗಾಲಯ ತೆರೆದಾಗ, ಕಂಬಿಗಳ ಬದಲು ಕಣ್ಣಿಗೆ ಬೀಳದ ಕಂದಕ ತೋಡಿಸಿ ಸಿಂಹವನ್ನು ಬಯಲಲ್ಲಿ ನಿಲ್ಲಿಸಿದ. ಅದಕ್ಕೆ ಮುಂಚೆ ಅದೇ ಮನುಷ್ಯ ದೂರದೇಶಗಳ ಜನರನ್ನೂ ತಂದು ಪ್ರದರ್ಶನಕ್ಕಿಟ್ಟಿದ್ದ ಎಂಬುದನ್ನು ಮರೆಯಬಾರದು; ಮೃಗಾಲಯದ ಚರಿತ್ರೆ ಅಷ್ಟೇನೂ ಶುಭ್ರವಾದುದಲ್ಲ. ಕಂದಕ ನೋಡುಗರ ಕಣ್ಣಿಗೆ ಹಿತ. ಪ್ರಾಣಿಗೆ ಹಿತವೇ ಎಂಬುದು ಬೇರೆ ಮಾತು: ಎಷ್ಟೋ ಆವರಣಗಳು ನಮ್ಮ ಕಡೆಯಿಂದ ಕಾಡಿನಂತೆ ಕಂಡರೂ, ಪ್ರಾಣಿ ತುಳಿಯುವ ನೆಲ ಬರೀ ಸಿಮೆಂಟು.

ಹಾಗಾಗಿ ಇವನ್ನು ಗಮನಿಸಿ. ಜನರ ಕಣ್ಣಿಗೆ ಬೀಳದಂತೆ ಅಡಗಿಕೊಳ್ಳಲು ಜಾಗ ಇದೆಯೇ? ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ತೋರಿಸಿಕೊಟ್ಟಂತೆ, ಪ್ರತಿ ಪ್ರಾಣಿಗೂ ಅಪರಿಚಿತರು ಇಷ್ಟು ಹತ್ತಿರ ಬಂದರೆ ಓಡಬೇಕೆಂಬ ಒಂದು ಅಂತರ ಇರುತ್ತದೆ. ಓಡಲು ಜಾಗವೇ ಇಲ್ಲದಿದ್ದರೆ ದಿನವಿಡೀ ಅದು ಕಂಗಾಲಾಗಿರಬೇಕು. ಹೀಗಾಗಿ “ಪ್ರಾಣಿ ಕಾಣಲೇ ಇಲ್ಲ” ಎಂಬ ದೂರು ಎಷ್ಟೋ ಸಲ ಒಳ್ಳೆಯ ಆವರಣಕ್ಕೆ ಕೊಟ್ಟ ಪ್ರಶಸ್ತಿಪತ್ರ. ಹತ್ತುವ ಪ್ರಾಣಿಗೆ ಎತ್ತರ, ತೋಡುವ ಪ್ರಾಣಿಗೆ ಮಣ್ಣು, ಈಜುವುದಕ್ಕೆ ಆಳದ ನೀರು ಇದೆಯೇ? ಗುಂಪಿನಲ್ಲಿ ಬಾಳುವ ಪ್ರಾಣಿ ಒಂಟಿಯಾಗಿದೆಯೇ? ಆಹಾರವನ್ನು ಮರದ ಪೊಟರೆಯಲ್ಲೋ ಚೆಂಡಿನೊಳಗೋ ಅಡಗಿಸಿಟ್ಟು ಹುಡುಕಿ ತಿನ್ನುವಂತೆ ಮಾಡಿದ್ದಾರೆಯೇ? ಆವರಣದೊಳಗೆ ಬಿದ್ದಿರುವ ಹರಿದ ಗೋಣಿಚೀಲ, ಹಳೆಯ ಟೈರು ಕಸವೆಂದು ಮೂಗು ಮುರಿಯಬೇಡಿ, ಬಹುಶಃ ಅದು ಯಾರದೋ ಆಟಿಕೆ.

ಒಂದೇ ಜಾಡಿನಲ್ಲಿ ಅತ್ತಿಂದಿತ್ತ ನಡೆಯುವುದು, ನಿಂತಲ್ಲೇ ತಲೆ ತೂಗುವುದು ಕೊರತೆಯ ಗುರುತು. ಆದರೆ ತೀರ್ಪು ಕೊಡಲು ಅವಸರ ಬೇಡ. ಊಟದ ಹೊತ್ತು ಹತ್ತಿರವಾದಾಗ ಹಿಂಬಾಗಿಲ ಬಳಿ ಶತಪಥ ಹಾಕುವ ಚಿರತೆಗೂ, ಇಡೀ ದಿನ ಹಾಗೆಯೇ ನಡೆಯುವ ಚಿರತೆಗೂ ವ್ಯತ್ಯಾಸವಿದೆ. ಸರ್ಕಸ್ಸಿನಿಂದ ಬಿಡಿಸಿ ತಂದ ಆನೆ, ಒಳ್ಳೆಯ ಜಾಗಕ್ಕೆ ಬಂದ ಮೇಲೂ ಹಳೆಯ ಸರಪಳಿಯ ತಾಳಕ್ಕೆ ತೂಗುತ್ತಲೇ ಇರಬಹುದು. ಯಾವ ಹೊತ್ತಿಗೆ ಕಂಡಿರಿ, ಎಷ್ಟು ಹೊತ್ತು ನಡೆಯಿತು ಎಂದು ಬರೆದುಕೊಂಡು ಪ್ರಾಣಿಪಾಲಕರನ್ನು ಕೇಳಿ.

ಹೆಜ್ಜೆ 6: ಫಲಕದಲ್ಲಿ ಎರಡು ಅಕ್ಷರ ಹುಡುಕಿ

ಆವರಣದ ಮುಂದಿನ ಫಲಕವನ್ನು ಹೆಚ್ಚಿನವರು ಪ್ರಾಣಿಯ ಹೆಸರಿಗಷ್ಟೇ ಓದುತ್ತಾರೆ. ನೀವು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯ, ಅಂದರೆ ಅಳಿವಿನ ಅಪಾಯ ಅಳೆಯುವ ಪಟ್ಟಿಯ, ಗುರುತನ್ನು ಹುಡುಕಿ. ಎಲ್‌ಸಿ ಎಂದಿದ್ದರೆ ಸದ್ಯಕ್ಕೆ ಆತಂಕವಿಲ್ಲ. ವಿಯು, ಇಎನ್, ಸಿಆರ್ ಎಂದರೆ ಅಪಾಯದ ಮೆಟ್ಟಿಲುಗಳು, ಒಂದಕ್ಕಿಂತ ಒಂದು ಕಡಿದು. ಇಡಬ್ಲ್ಯೂ ಎಂದಿದ್ದರೆ ಅಲ್ಲಿಯೇ ನಿಂತುಬಿಡಿ. ಆ ಪ್ರಭೇದ ತನ್ನ ಮೂಲನೆಲೆಯಲ್ಲಿ ಅಳಿದಿದೆ. ಮನುಷ್ಯರ ಕಾವಲಿನಲ್ಲಿ ಉಳಿದಿರುವ ಜೀವಗಳಲ್ಲಿ ಒಂದನ್ನು ನೀವು ನೋಡುತ್ತಿದ್ದೀರಿ.

ಆ ಎರಡಕ್ಷರದ ಹಿಂದೆ ಒಂದು ಲೆಕ್ಕದ ಪುಸ್ತಕ ಇರುತ್ತದೆ. ಯೂರೋಪಿನ ಕಾಡೆಮ್ಮೆಯಾದ ಬೈಸನ್ ಮೊದಲ ಮಹಾಯುದ್ಧದ ನಂತರ ಕಾಡಿನಲ್ಲಿ ನಿರ್ನಾಮವಾಯಿತು, ಕೊನೆಯದು 1927ರಲ್ಲಿ ಕಾಕಸಸ್ ಬೆಟ್ಟಗಳಲ್ಲಿ ಸತ್ತಿತು. ಉಳಿದದ್ದು ಮೃಗಾಲಯಗಳಲ್ಲೂ ಸಿರಿವಂತರ ತೋಟಗಳಲ್ಲೂ ಇದ್ದ ಐವತ್ತು ಚಿಲ್ಲರೆ. 1923ರಲ್ಲಿ ಇದಕ್ಕೆಂದೇ ಸಂಘ ಕಟ್ಟಿಕೊಂಡವರು ಪ್ರತಿಯೊಂದರ ತಂದೆ-ತಾಯಿಯ ಹೆಸರು ಹುಡುಕಿ, 1932ರಲ್ಲಿ ವಂಶಾವಳಿ ಪುಸ್ತಕವನ್ನು ಅಚ್ಚು ಹಾಕಿಸಿದರು. ಇಂದಿನ ಬೈಸನ್‌ಗಳೆಲ್ಲ ಹನ್ನೆರಡೇ ಮೂಲಪ್ರಾಣಿಗಳ ಸಂತತಿ. 1952ರಲ್ಲಿ ಪೋಲೆಂಡಿನ ಬಿಯಾಲೊವಿಯೆಜಾ ಕಾಡಿಗೆ ಮೊದಲ ಬೈಸನ್‌ಗಳನ್ನು ಮರಳಿ ಬಿಟ್ಟರು.

ಇಂದು ನೂರಾರು ಪ್ರಭೇದಗಳಿಗೆ ಇಂಥ ಪುಸ್ತಕಗಳಿವೆ, ಈಗ ಕಂಪ್ಯೂಟರಿನಲ್ಲಿ. ಯಾವ ಗಂಡಿಗೆ ಯಾವ ಹೆಣ್ಣು ಎಂಬುದನ್ನು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ. ಹತ್ತಿರದ ರಕ್ತಸಂಬಂಧ ಆಗಬಾರದು, ಅಪರೂಪದ ಮನೆತನದ ಸಂತಾನ ನಿಲ್ಲಬಾರದು. ನಮ್ಮ ಹಿರಿಯರು ಗೋತ್ರ ನೋಡುತ್ತಿದ್ದುದಕ್ಕಿಂತ ಕಟ್ಟುನಿಟ್ಟು. ಹಾಗಾಗಿಯೇ ಒಂದು ಘೇಂಡಾಮೃಗ ಖಂಡ ದಾಟಿ ಇನ್ನೊಂದು ಮೃಗಾಲಯ ಸೇರುತ್ತದೆ. ಜೋಡಿ ಹುಡುಕಿಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೊಗಲ್ ಅರಸ ಅಕ್ಬರನ ಬಳಿ ಬೇಟೆಗೆಂದು ಅಸಂಖ್ಯ ಚೀತಾಗಳಿದ್ದವು, ಆದರೂ ಅವು ಸೆರೆಯಲ್ಲಿ ಮರಿ ಹಾಕಿದ ಒಂದೇ ಸಂದರ್ಭವನ್ನು ಅವನ ಮಗ ಜಹಾಂಗೀರ್ ವಿಶೇಷವೆಂದು ದಾಖಲಿಸಿದ. ಹೆಣ್ಣು ಚೀತಾ ಒಂಟಿಜೀವಿ. ಗಂಡು-ಹೆಣ್ಣನ್ನು ಸದಾ ಒಟ್ಟಿಗೆ ಇಟ್ಟರೆ ಒಂದರಲ್ಲಿ ಒಂದಕ್ಕೆ ಆಸಕ್ತಿಯೇ ಹುಟ್ಟುವುದಿಲ್ಲ ಎಂಬುದು ತಿಳಿಯಲು ಶತಮಾನಗಳೇ ಹಿಡಿದವು.

ಹೆಜ್ಜೆ 7: ಹೊರಗೆ ಹೋದವು ಯಾವುವೆಂದು ಕೇಳಿ

ಮರಿಗಳ ಸಂಖ್ಯೆಯೇ ಸಂರಕ್ಷಣೆಯಲ್ಲ. ಮರಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ಪ್ರಶ್ನೆ. ಮೃಗಾಲಯಗಳು ಗೆದ್ದ, ಸೋತ ಕೆಲವು ಕಥೆಗಳು ತಲೆಯಲ್ಲಿದ್ದರೆ ಕೇಳುವುದು ಸುಲಭ.

ಸೋಲಿನಿಂದಲೇ ಶುರು ಮಾಡುತ್ತೇನೆ. ಆಕಾಶವನ್ನೇ ಮುಚ್ಚುವಷ್ಟು ಹಾರುತ್ತಿದ್ದ ಅಮೆರಿಕದ ಪ್ಯಾಸೆಂಜರ್ ಪಾರಿವಾಳಗಳ ಪೈಕಿ ಕೊನೆಯದು, ಮಾರ್ಥಾ ಎಂಬ ಹೆಣ್ಣು, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದ ಪಂಜರದಲ್ಲಿ ಸತ್ತಿತು. ಪಂಜರವಿತ್ತು, ಕಾಳು ಇತ್ತು, ಸಂಗಾತಿ ಇರಲಿಲ್ಲ. ಟಾಸ್ಮೇನಿಯಾದ ಥೈಲಸೀನ್ ಎಂಬ ಪಟ್ಟೆಮೈಯ ಪ್ರಾಣಿಯೂ 1936ರಲ್ಲಿ ಹೊಬಾರ್ಟಿನ ಮೃಗಾಲಯದಲ್ಲೇ ಕೊನೆಯುಸಿರೆಳೆಯಿತು. ಕೊನೆಯ ಒಂದು ಉಳಿದ ಮೇಲೆ ತಂದಿಟ್ಟುಕೊಂಡರೆ ಮೃಗಾಲಯ ಬರೀ ಸಾಕ್ಷಿ.

ಸ್ವಲ್ಪ ಮುಂಚೆ ಎಚ್ಚೆತ್ತರೆ ಏನಾಗುತ್ತದೆ ಎಂಬುದಕ್ಕೆ ಅರೇಬಿಯನ್ ಓರಿಕ್ಸ್ ಇದೆ. ಮರುಭೂಮಿಯ ಈ ಬಿಳಿ ಜಿಂಕೆಯನ್ನು ಬೇಟೆಗಾರರು ಮುಗಿಸುತ್ತಿದ್ದಾಗ, 1960ರ ದಶಕದ ಆರಂಭದಲ್ಲಿ ಬೇರೆ ಬೇರೆ ಕಡೆಯಿಂದ ಒಂಬತ್ತನ್ನು ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಕೂಡಿಹಾಕಿದರು. 1972ರಲ್ಲಿ ಕಾಡಿನಲ್ಲಿದ್ದವು ಮುಗಿದವು. ಹತ್ತು ವರ್ಷದ ಬಳಿಕ, 1982ರಲ್ಲಿ, ಸೆರೆಯಲ್ಲಿ ಹುಟ್ಟಿದವು ಓಮನ್‌ನ ಮರಳಿಗೆ ಕಾಲಿಟ್ಟವು. ಆಮೇಲೂ ಕಳ್ಳಬೇಟೆ ಅಲ್ಲಿನ ಹಿಂಡನ್ನು ಬಹುಪಾಲು ನುಂಗಿತು, ಬೇರೆ ಕಡೆ ಬಿಟ್ಟವು ಉಳಿದವು. 2011ರಲ್ಲಿ ಕೆಂಪು ಪಟ್ಟಿಯಲ್ಲಿ ಅದು ಅಪಾಯ ಕಡಿಮೆ ಇರುವ ಮೆಟ್ಟಿಲಿಗೆ ಬಂತು.

ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು 1987ರಲ್ಲಿ ಇದ್ದದ್ದು 27 ಮಾತ್ರ. ಎಲ್ಲವನ್ನೂ ಹಿಡಿದು ತಂದರು, ಸ್ವತಂತ್ರವಾಗಿ ಹಾರುವುದು ಒಂದೂ ಉಳಿಯಲಿಲ್ಲ; ಆಗ ಆದ ಜಗಳ ಸಣ್ಣದಲ್ಲ. ಮರಿಗಳು ಮನುಷ್ಯರಿಗೆ ಒಗ್ಗಿಹೋಗಬಾರದೆಂದು ಪಾಲಕರು ಕೈಗೆ ಕಾಂಡೋರ್ ತಲೆಯ ಗೊಂಬೆ ತೊಟ್ಟು ತುತ್ತು ಕೊಟ್ಟರು. 1992ರಿಂದ ಬಿಡಲಾರಂಭಿಸಿದರು. ಈಗ ಇರುವವು ನೂರುಗಳ ಲೆಕ್ಕದಲ್ಲಿವೆ. ಆದರೆ ಬೇಟೆಗಾರರ ಸೀಸದ ಗುಂಡು ಹೊಕ್ಕ ಮಾಂಸ ತಿಂದು ಇಂದಿಗೂ ಸಾಯುತ್ತಿವೆ. ಮೃಗಾಲಯ ಹಕ್ಕಿಯನ್ನು ಕೊಡಬಲ್ಲದು, ಸೀಸವಿಲ್ಲದ ಕಾಡನ್ನು ಕೊಡಲಾರದು. ಬ್ರೆಜಿಲ್‌ನ ಚಿನ್ನದ ಬಣ್ಣದ ಸಿಂಹ ಟ್ಯಾಮರಿನ್ ಮಂಗಗಳನ್ನು 1984ರಲ್ಲಿ ಬಿಟ್ಟಾಗ, ನೆಟ್ಟ ಕಂಬಗಳ ಮೇಲೆ ಬೆಳೆದಿದ್ದ ಅವು ಬಾಗುವ ಕೊಂಬೆಯ ಮೇಲೆ ತಡವರಿಸಿದವು, ಆಹಾರ ಹುಡುಕಲು ತಿಳಿಯದೆ ಸೊರಗಿದವು. ಕಾಡಿನ ಬದುಕನ್ನೂ ಕಲಿಸಬೇಕಾಗುತ್ತದೆ ಎಂಬುದು ಆಗ ಮನದಟ್ಟಾಯಿತು.

ನನ್ನ ಮೆಚ್ಚಿನ ಕಥೆ ಮಾತ್ರ ಉಗುರಿನಷ್ಟು ದೊಡ್ಡ ಬಸವನಹುಳುವಿನದು. ಫ್ರೆಂಚ್ ಪಾಲಿನೇಷ್ಯಾದ ದ್ವೀಪಗಳಲ್ಲಿ ದೈತ್ಯ ಆಫ್ರಿಕನ್ ಬಸವನಹುಳುವಿನ ಕಾಟ ತಡೆಯಲು ಮತ್ತೊಂದು ಬೇಟೆಗಾರ ಬಸವನಹುಳುವನ್ನು 1970ರ ದಶಕದಲ್ಲಿ ತಂದುಬಿಟ್ಟರು. ಅದು ದೈತ್ಯನನ್ನು ಬಿಟ್ಟು, ಅಲ್ಲಿನ ಮೂಲನಿವಾಸಿ ಪಾರ್ಟುಲಾ ಹುಳುಗಳನ್ನು ಒಂದೊಂದೇ ಪ್ರಭೇದವಾಗಿ ತಿಂದು ಮುಗಿಸಿತು. ಅಳಿದುಳಿದವು ಲಂಡನ್ ಮೊದಲಾದ ಮೃಗಾಲಯಗಳ ಪುಟ್ಟ ಪೆಟ್ಟಿಗೆಗಳಲ್ಲಿ ದಶಕಗಳ ಕಾಲ ಬದುಕಿದವು. 2015ರಿಂದ ಅವುಗಳ ಸಂತತಿ, ಚಿಪ್ಪಿನ ಮೇಲೆ ಬಣ್ಣದ ಚುಕ್ಕೆ ಹಚ್ಚಿಸಿಕೊಂಡು, ದ್ವೀಪಕ್ಕೆ ಮರಳುತ್ತಿದೆ. ಈ ಕೆಲಸಕ್ಕೆ ಬೇಕಾದ ಜಾಗ ಒಂದು ಕೋಣೆ. ಮೂಲೆಯ ಪ್ರಾಣಿಯನ್ನು ಪಟ್ಟಿಗೆ ಸೇರಿಸಿಕೊಳ್ಳಿ ಎಂದದ್ದು ಇದಕ್ಕೇ.

ಇದಕ್ಕೆ ತಿರುಗುಮುರುಗಾಗಿ ಬಿಳಿ ಹುಲಿಯನ್ನು ನೋಡಿ. ಅದರ ಮುಂದೆ ಯಾವಾಗಲೂ ಜಾತ್ರೆ. ಬಿಳಿ ಹುಲಿ ಬೇರೆ ಪ್ರಭೇದವಲ್ಲ, ಒಂದು ಜೀನಿನ ಬದಲಾವಣೆಯಿಂದ ಬಣ್ಣ ಕಳೆದುಕೊಂಡ ಸಾಮಾನ್ಯ ಹುಲಿ. ಸೆರೆಯಲ್ಲಿರುವ ಬಿಳಿ ಹುಲಿಗಳಲ್ಲಿ ಹೆಚ್ಚಿನವು 1951ರಲ್ಲಿ ಈಗಿನ ಮಧ್ಯಪ್ರದೇಶದ ರೀವಾದ ಕಾಡಿನಲ್ಲಿ ಸಿಕ್ಕ ಮೋಹನ್ ಎಂಬ ಮರಿಯ ವಂಶ. ಆ ಬಣ್ಣವನ್ನು ಉಳಿಸಲು ತಂದೆಯನ್ನು ಮಗಳೊಂದಿಗೇ ಕೂಡಿಸಿದರು. ಮೆಳ್ಳೆಗಣ್ಣಿನಂಥ ದೋಷಗಳು ಅದರ ಬಳುವಳಿ. ಕಾಡಿನ ಹುಲಿಗೆ ಇದರಿಂದ ಏನೂ ಸಿಗುವುದಿಲ್ಲ. ಫಲಕದಲ್ಲಿ ಈ ಮಾತನ್ನು ಒಪ್ಪಿಕೊಂಡಿದ್ದಾರೆಯೇ, ಅಥವಾ “ಅಪರೂಪದ ಪ್ರಭೇದ” ಎಂದು ಬರೆದಿದ್ದಾರೆಯೇ ಎಂದು ನೋಡಿದರೆ ಆ ಸಂಸ್ಥೆಯ ಪ್ರಾಮಾಣಿಕತೆ ಅಂದಾಜಾಗುತ್ತದೆ.

ಹೆಜ್ಜೆ 8: ಪಾಲಕರನ್ನು ಮಾತನಾಡಿಸಿ

ಹಿಂಬಾಗಿಲ ಬಳಿ ಬಕೆಟ್ಟು ಹಿಡಿದು ಓಡಾಡುವವರೇ ಮೃಗಾಲಯದ ನಿಜವಾದ ಗ್ರಂಥಾಲಯ. ಮೇವು ಹಾಕುವ ಹೊತ್ತಿನಲ್ಲಿ ಅಡ್ಡಬರಬೇಡಿ, ಮುಗಿದ ಮೇಲೆ ಕೇಳಿ. “ಇದು ಏನು ತಿನ್ನುತ್ತದೆ” ಎಂಬುದಕ್ಕೆ ಉತ್ತರಿಸಿ ಅವರಿಗೆ ಸಾಕಾಗಿರುತ್ತದೆ. ಇದಕ್ಕೆ ಯಾವ ಪಾಲಕರೆಂದರೆ ಇಷ್ಟ, ಇದು ಎಲ್ಲಿ ಹುಟ್ಟಿದ್ದು, ಇದರ ಜೋಡಿಯನ್ನು ಯಾರು ತೀರ್ಮಾನಿಸಿದರು, ಮುದಿಯಾದವುಗಳನ್ನು ಎಲ್ಲಿಡುತ್ತೀರಿ ಎಂದು ಕೇಳಿ ನೋಡಿ, ಮುಖ ಅರಳುತ್ತದೆ.

ಹೆಜ್ಜೆ 9: ಮಾಡಬಾರದ್ದು

ತಿನ್ನಲು ಏನನ್ನೂ ಎಸೆಯಬೇಡಿ. ಮಾಂಸಾಹಾರಿಯಿಂದ ಹಿಡಿದು ಮೊಲದವರೆಗೆ ಪ್ರತಿಯೊಂದರ ಊಟ ತೂಕ ಹಾಕಿಯೇ ಬಂದಿರುತ್ತದೆ, ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ ಜಿಂಕೆಯ ಹೊಟ್ಟೆಯಲ್ಲಿ ಗಂಟಾಗಬಲ್ಲದು. ಗಾಜು ತಟ್ಟಬೇಡಿ, ಫ್ಲ್ಯಾಶ್ ಬೇಡ. ಮಕ್ಕಳನ್ನು ಕಟಕಟೆಯ ಮೇಲೆ ಕೂರಿಸಲೇಬೇಡಿ. ನೆಗಡಿ, ಕೆಮ್ಮು ಇದ್ದರೆ ವಾನರಗಳ ಮನೆಗೆ ಹೋಗದಿರಿ: ಚಿಂಪಾಂಜಿ, ಗೊರಿಲ್ಲಾಗಳಿಗೆ ನಮ್ಮ ಶ್ವಾಸಕೋಶದ ರೋಗಗಳು ಸಲೀಸಾಗಿ ಅಂಟುತ್ತವೆ, ಸಾವೂ ಆಗಬಹುದು.

ಚಿಕ್ಕ ಮಕ್ಕಳು ಜೊತೆಗಿದ್ದರೆ ಐದರ ಪಟ್ಟಿಯನ್ನು ಮೂರಕ್ಕೆ ಇಳಿಸಿ. ಪ್ರಾಣಿ ಆರಿಸುವ ಹಕ್ಕು ಅವರಿಗೇ ಇರಲಿ. ಅವರು ಗುಬ್ಬಿಯನ್ನೋ ಇರುವೆ ಸಾಲನ್ನೋ ನೋಡುತ್ತ ಕುಳಿತರೆ ಎಳೆದುಕೊಂಡು ಹೋಗಬೇಡಿ.

ಹೆಜ್ಜೆ 10: ಹೊರಬಂದ ಮೇಲೆ

ಪ್ರಾಣಿ ದತ್ತು ಯೋಜನೆ ಇದ್ದರೆ, ಜನ ಮುಗಿಬೀಳುವ ಹುಲಿ-ಸಿಂಹ ಬಿಟ್ಟು ಯಾರೂ ಕೇಳದ ಪ್ರಾಣಿಯನ್ನು ವಿಚಾರಿಸಿ. ಹಣ ಕೊಡುವ ಮೊದಲು ಅದು ಮೇವಿಗೆ ಹೋಗುತ್ತದೆಯೋ ಕಾಡಿನ ಕೆಲಸಕ್ಕೂ ತಲುಪುತ್ತದೆಯೋ ಎಂದು ಕೇಳುವುದು ಅಸಭ್ಯತೆಯಲ್ಲ. ಮುದ್ದಾಗಿ ಕಂಡ ಕಾಡುಪ್ರಾಣಿಯನ್ನು ಮನೆಯಲ್ಲಿ ಸಾಕುವ ಆಸೆಯನ್ನು ಗೇಟಿನಲ್ಲೇ ಬಿಟ್ಟು ಬನ್ನಿ. ಆ ವ್ಯಾಪಾರದಿಂದಲೇ ಎಷ್ಟೋ ಆಮೆ, ಗಿಳಿಗಳು ಕೆಂಪು ಪಟ್ಟಿಗೆ ಸೇರಿವೆ.

ಮೂರು-ನಾಲ್ಕು ತಿಂಗಳು ಬಿಟ್ಟು, ಬೇರೆ ಋತುವಿನಲ್ಲಿ, ಅದೇ ಪುಸ್ತಕ ಹಿಡಿದು ಅದೇ ಐದು ಪ್ರಾಣಿಗಳ ಬಳಿ ಮತ್ತೆ ಹೋಗಿ. ಒಂದು ಆವರಣ ಖಾಲಿಯಾಗಿರಬಹುದು. ಪ್ರಾಣಿ ಸತ್ತಿರಬಹುದು, ಜೋಡಿಗಾಗಿ ಬೇರೆ ಊರಿನ ಮೃಗಾಲಯಕ್ಕೆ ಹೋಗಿರಬಹುದು, ಎಲ್ಲೋ ಅಪರೂಪಕ್ಕೆ ಕಾಡಿಗೂ ಹೋಗಿರಬಹುದು. ಯಾವುದೆಂದು ಪಾಲಕರನ್ನು ಕೇಳಿ, ದಿನಾಂಕದೊಂದಿಗೆ ಬರೆದುಕೊಳ್ಳಿ.